ಸೋಮವಾರದ ಸಾಲ, ಶುಕ್ರವಾರದ ಸಾಲ

"ಉಂಗುರ ಮಣ್ಣಿಗೆ ಹೋಗಲೇ ಇಲ್ಲ, ಡೀಕನ್."

ಹಾಗೆಂದು ಲೂಷಿಯಸ್ ಬಾನರ್ ಹೊಸ ಶವಪೆಟ್ಟಿಗೆಯ ಹಿತ್ತಾಳೆ ಹಿಡಿಯನ್ನು ಮೆತ್ತನೆಯ ಬಟ್ಟೆಯಿಂದ ಉಜ್ಜತೊಡಗಿದ. ಮೆಂಫಿಸ್ಸಿನ ಈ ಕಡೆಯ ಕೇರಿಗಳಲ್ಲಿ ಸತ್ತವರನ್ನು ಸಿಂಗರಿಸಿ ಕಳಿಸುವ ಕೆಲಸ ಅವನ ತಾತನ ಕಾಲದಿಂದ ಅವರ ಮನೆಯದೇ.

"ಅಮ್ಮನ ಬೆರಳಲ್ಲೇ ಹೋಯ್ತು ಅಂತಾಳಲ್ಲ ವರ್ಲೀನ್?" ಎಂದೆ.

"ನೋಡಿದ್ದರೆ ತಾನೆ? ಮುಚ್ಚಳ ಹಾಕೋ ಹೊತ್ತಿಗೆ ಅವಳಿಗೆ ಜ್ಞಾನವೇ ಇರಲಿಲ್ಲ. ಇಬ್ಬರು ಹಿಡ್ಕೊಂಡು ಬೀಸಣಿಗೆ ಬೀಸ್ತಿದ್ದರು. ಮುಚ್ಚೋ ಮುಂಚೆ ಒಡವೆ ಬಿಚ್ಚಿ ಮನೆಯವರ ಕೈಗೆ ಕೊಡೋದು ನಮ್ಮ ಪದ್ಧತಿ. ಬೇಡ ಅಂದರೆ ಮಾತ್ರ ಬಿಡ್ತೀವಿ. ಕೇಳೋಣ ಅಂದರೆ ಮಗಳು ನೆಲದ ಮೇಲೆ. ಅಷ್ಟರಲ್ಲಿ ಬಿಳಿ ಕೈಗವಸಿನ ಕೈಯೊಂದು ಮುಂದೆ ಬಂತು. ಕೊಟ್ಟುಬಿಟ್ಟೆ."

"ಯಾರ ಕೈ?"

"ಬಿಳಿ ಉಡುಪು, ಬಿಳಿ ಟೋಪಿ, ಬಿಳಿ ಕೈಗವಸು. ನಿಮ್ಮ ಚರ್ಚಿನ ಆರೈಕೆ ಹೆಂಗಸರು ಅಷ್ಟೂ ಜನ ಸಾಲಾಗಿ ನಿಂತಿದ್ದರು. ನನ್ನ ಕಣ್ಣು ಮಲಗಿದವರ ಮೇಲಿರತ್ತೆ, ನಿಂತವರ ಮೇಲಲ್ಲ. ಮಲಗಿದವರು ತಿರುಗಿ ಪ್ರಶ್ನೆ ಕೇಳಲ್ಲ ನೋಡಿ, ನಿಮ್ಮ ಹಾಗೆ."

ನಾನು ನಗಲಿಲ್ಲ. "ಅವಳ ದಿವಾಳಿಯಲ್ಲಿ ನಿನ್ನ ಬಿಲ್ಲೂ ಗೆರೆಯ ಈಚೆಗೇ ಬಿದ್ದು ಮುಳುಗಿತಲ್ಲ, ಲೂಷಿಯಸ್. ವರ್ಲೀನ್ ಕೋರ್ಟಲ್ಲಿ ಸೋತರೆ ನಿನಗೆ ಲಾಭವೇ."

ಅವನ ಕೈಯ ಬಟ್ಟೆ ನಿಂತಿತು.

"ಮುಳುಗಿತು. ಆದರೆ ಅವಳೇ ಬಂದು ಹೇಳಿದಳು, 'ಕಾನೂನು ಬಿಟ್ಟರೂ ಅಮ್ಮನ ಮಣ್ಣಿನ ದುಡ್ಡು ನಾನು ಬಿಡಲ್ಲ' ಅಂತ. ಶನಿವಾರ ಶನಿವಾರ ಕೈಲಿದ್ದಷ್ಟು ತಂದಿಡ್ತಾಳೆ. ಅಂಥವಳ ಮನೆ ಮುರಿಯೋಕೆ ನಾನೇನು ರಣಹದ್ದಾ?"

ಅವನ ಮಾತನ್ನು ಕಿವಿಯಲ್ಲಿಟ್ಟುಕೊಂಡು ಹೊರಬಂದೆ. ನಮ್ಮಜ್ಜಿ ಬೆಳಗಾಗುತ್ತಲೇ ದೇವರ ಪದ್ಯಗಳನ್ನು ಬಾಯಲ್ಲೇ ಹೇಳುತ್ತಿದ್ದಳು. ಒಂದು ಸಾಲು ಜಾರಿದರೂ ಮಂಚದಲ್ಲಿ ಮಲಗಿದ ನನಗೆ ಗೊತ್ತಾಗುತ್ತಿತ್ತು. ಚರ್ಚಿನಲ್ಲಿ ಡೀಕನ್, ಅಂದರೆ ಹಿರಿಯನಾದ ನಾನು ಹೊರಗೆ ಮಾಡುವ ಪತ್ತೆ ಕೆಲಸಕ್ಕೆ ಕಲಿತ ವಿದ್ಯೆ ಅದೊಂದೇ. ಲೂಷಿಯಸ್ಸನ ಮಾತಿನಲ್ಲಿ ಸಾಲು ಜಾರಿರಲಿಲ್ಲ.

ವರ್ಲೀನ್ ಗೇಟ್‌ವುಡ್ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ದುಡಿಯುವವಳು. ಯಾರೋ ಫೋನಿನಲ್ಲಿ ಅವಳ ಮೇಲೆ ಚಾಡಿ ಹೇಳಿದ್ದರು. ಅವಳ ದಿವಾಳಿಯ ಲೆಕ್ಕ ನೋಡಲು ಕೋರ್ಟು ನೇಮಿಸಿದ ಟ್ರಸ್ಟಿಯ ಕಡೆಯವರು ಬಂದು ಅವಳ ಫ್ರೀಜರಿನಿಂದ ಸತ್ತ ಅಮ್ಮನ ವಜ್ರದುಂಗುರ ತೆಗೆದಿದ್ದರು. ಅಮ್ಮನಿಂದ ತನಗೆ ಏನೂ ಬಂದಿಲ್ಲ ಎಂದು ಅವಳು ಕೈಯೆತ್ತಿ ಪ್ರಮಾಣ ಮಾಡಿದ್ದಳು. ನಾಳೆ ಬೆಳಿಗ್ಗೆ ನ್ಯಾಯಾಧೀಶರ ಮುಂದೆ ಆ ಪ್ರಮಾಣ ಸುಳ್ಳೆಂದಾದರೆ ಸಾಲದಿಂದ ಬಿಡುಗಡೆಯಿಲ್ಲ, ಬಿಡುಗಡೆಯಿಲ್ಲದಿದ್ದರೆ ಮನೆಯಿಲ್ಲ. ಅವಳ ವಕೀಲೆ ಮಿಸ್ ಕ್ವಿಲನ್ ನನ್ನನ್ನು ಹಚ್ಚಿದ್ದು ಇಷ್ಟಕ್ಕೆ: ಉಂಗುರ ಅಲ್ಲಿಟ್ಟ ಕೈ ಯಾವುದು?

ನಮ್ಮ ಊರಿನಲ್ಲಿ ಯಾರನ್ನು ಕೇಳಿದರೂ ಹದಿಮೂರು ಗೊತ್ತು, ಏಳು ಗೊತ್ತು. ದಿವಾಳಿ ಕಾನೂನಿನ ಹದಿಮೂರನೇ ಅಧ್ಯಾಯ ಎಂದರೆ ಮನೆ ಉಳಿಸಿಕೊಂಡು ತಿಂಗಳು ತಿಂಗಳು ತೀರಿಸುವುದು. ಏಳನೆಯದೆಂದರೆ ಕೈ ಚೆಲ್ಲಿ, ಇರುವುದನ್ನು ತೋರಿಸಿ, ಬಾಕಿಯಿಂದ ಬಿಡಿಸಿಕೊಳ್ಳುವುದು. ವರ್ಲೀನ್ ಹದಿಮೂರರಲ್ಲಿ ಮೂರು ವರ್ಷ ಕಟ್ಟಿದಳು. ಆಸ್ಪತ್ರೆ ಕೆಲಸದ ಗಂಟೆ ಕಡಿಮೆ ಮಾಡಿತು. ಕಟ್ಟಲಾಗದೆ ಏಳಕ್ಕೆ ದಾಟಿದಳು.

ಬಹಳ ಜನ ಎಡವುವುದು ಈ ದಾಟುವ ಹೊಸ್ತಿಲಿನಲ್ಲೇ. ಮೊದಲ ಅರ್ಜಿ ಹಾಕಿದ ಮೇಲೆ ಕೊಟ್ಟ ಸಾಲ ಹೊಸ ಸಾಲ, ಅದಕ್ಕೆ ದಿವಾಳಿ ತಟ್ಟುವುದಿಲ್ಲ ಎಂದು ಕೊಟ್ಟವರು ನೆಮ್ಮದಿಯಾಗಿರುತ್ತಾರೆ. ಆದರೆ ಹದಿಮೂರರಿಂದ ಏಳಕ್ಕೆ ದಾಟಿದ ದಿನ ಕಾನೂನು ಹೊಸ ಗೆರೆ ಎಳೆಯುತ್ತದೆ. ಆ ದಿನಕ್ಕೆ ಮುಂಚೆ, ನಡುವಿನ ವರ್ಷಗಳಲ್ಲಿ ಆದ ಸಾಲವೆಲ್ಲ ಹಳೆಯ ಸಾಲದ ಜೊತೆಗೇ ಕೊಚ್ಚಿಹೋಗುತ್ತದೆ. ದಾಟಿದ ಮಾರನೆಯ ದಿನ ಕೊಟ್ಟದ್ದು ಮಾತ್ರ ನಿಲ್ಲುತ್ತದೆ.

ಬಿಡುಗಡೆಯೇ ತಪ್ಪಿದರೆ? ಸತ್ತ ಸಾಲಗಳೆಲ್ಲ ಎದ್ದು ಕೂರುತ್ತವೆ. ಹಾಗಾಗಿ ಚಾಡಿ ಹೇಳಿದವರನ್ನು ನಾನು ಆ ನಡುವಿನ ವರ್ಷಗಳಲ್ಲಿ ಸಾಲ ಕೊಟ್ಟವರಲ್ಲೇ ಹುಡುಕಿದೆ. ಇದ್ದವರು ಇಬ್ಬರೇ. ಒಬ್ಬ ಲೂಷಿಯಸ್. ಇನ್ನೊಬ್ಬಳ ಬಗ್ಗೆ ಯೋಚಿಸಲೂ ಮನಸ್ಸು ಹಿಂಜರಿಯುತ್ತಿತ್ತು.

ಕಾರಿನಲ್ಲಿ ಕೂತು ಮಿಸ್ ಕ್ವಿಲನ್ ಕೊಟ್ಟ ಫೋಟೋ ಮತ್ತೆ ನೋಡಿದೆ. ಫ್ರೀಜರಿನಲ್ಲಿ ಸಿಕ್ಕಿದ ಪೊಟ್ಟಣವನ್ನು ಬಿಚ್ಚಿ ಮೇಜಿನ ಮೇಲೆ ಹರಡಿದ್ದರು. ಎಲ್ಲರೂ ವಜ್ರವನ್ನೇ ನೋಡಿದ್ದರು. ನಾನು ಪೊಟ್ಟಣ ನೋಡಿದೆ.

ಹೊರಗೆ ಅಲ್ಯೂಮಿನಿಯಂ ಫಾಯಿಲು, ಒಳಗೆ ಮೇಣದ ಕಾಗದ. ಎರಡು ತುದಿಗೂ ಮಿಠಾಯಿಗೆ ಕೊಡುವಂಥ ತಿರುವು.

ಹಾಗೆ ಸುತ್ತಿದ ಪೊಟ್ಟಣವನ್ನು ನಾನು ಎಷ್ಟು ಸಲ ಕೈಯಲ್ಲಿ ಹಿಡಿದಿದ್ದೇನೆ! ನನ್ನ ಹೆಂಡತಿ ಹಾಸಿಗೆ ಹಿಡಿದಿದ್ದಾಗ ಭಾನುವಾರ ತಪ್ಪದೆ ನಮ್ಮ ಬಾಗಿಲಿಗೆ ಬರುತ್ತಿತ್ತು.

*

ಮೌಂಟ್ ಗಿಲಿಯಡ್ ಚರ್ಚಿನ ಹಿತ್ತಿಲಲ್ಲಿ ವಾರದ ಮೀನೂಟ. ಬೀದಿಯ ತುದಿಗೇ ಜೋಳದ ಹಿಟ್ಟು ಕರಿದ ವಾಸನೆ ಬರುತ್ತಿತ್ತು. ದೊಡ್ಡ ಬಾಣಲೆಯ ಮುಂದೆ ಕ್ಲೆಮೆಂಟ್ ಪ್ರೂಯಿಟ್ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಅರವತ್ತು ದಾಟಿದರೂ ಶರ್ಟಿನ ಇಸ್ತ್ರಿ ಕೆಡದ ಮನುಷ್ಯ.

"ಬನ್ನಿ ಡೀಕನ್! ಕ್ಯಾಟ್‌ಫಿಶ್ ಹಾಕ್ಲಾ, ಬಫಲೋ ಮೀನು ಹಾಕ್ಲಾ? ನಿಮ್ಮ ಹಲ್ಲಿಗೆ ಮುಳ್ಳಿಲ್ಲದ್ದೇ ವಾಸಿ."

"ನನ್ನ ಹಲ್ಲಿನ ಚಿಂತೆ ನಿನಗೆ ಬೇಡ. ಒಡೆಸಾ ಇದ್ದಾಳಾ?"

"ಒಳಗೆ ಕೇಕು ಸುತ್ತಾ ಇದ್ದಾಳೆ. ಬೆಳಿಗ್ಗೆಯಿಂದ ನನ್ನ ಹತ್ತಿರ ಮಾತಿಲ್ಲ, ನಿಮ್ಮ ಹತ್ತಿರ ಆಡಿದರೆ ಪುಣ್ಯ." ಸೌಟಿನಿಂದ ಮೀನು ಮಗುಚಿ, ಬಾಣಲೆಯ ಮೇಲಿಂದ ಕಣ್ಣೆತ್ತದೆ ಕೇಳಿದ, "ನಾಳೆ ಕೋರ್ಟಲ್ಲಿ ಯಾರನ್ನೆಲ್ಲ ಕರೀತಾರೆ, ಡೀಕನ್? ದುಡ್ಡು ಎಲ್ಲಿಂದ ಬಂತು, ಎಲ್ಲಿ ಹೋಯ್ತು ಅಂತೆಲ್ಲ ಕೇಳ್ತಾರಾ?"

"ಕೇಳಬಹುದು," ಎಂದೆ.

ಅಡುಗೆಮನೆಯಲ್ಲಿ ಒಡೆಸಾ ಒಬ್ಬಳೇ ಇದ್ದಳು. ಕ್ಲೆಮೆಂಟನ ಹೆಂಡತಿ, ವರ್ಲೀನಳ ಚಿಕ್ಕಮ್ಮನ ಮಗಳು. ಏಳನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡು ದೊಡ್ಡಮ್ಮ ಹೆಟ್ಟಿಯ ಮನೆಯಲ್ಲಿ, ವರ್ಲೀನಳ ಜೊತೆಯಲ್ಲೇ ಬೆಳೆದವಳು. ಉದ್ದನೆಯ ಮೇಜಿನ ಮೇಲೆ ಕೇಕಿನ ತುಂಡುಗಳು. ಅವಳು ಒಂದೊಂದನ್ನೇ ಮೇಣದ ಕಾಗದದಲ್ಲಿಟ್ಟು, ಫಾಯಿಲು ಸುತ್ತಿ, ತುದಿ ತಿರುವುತ್ತಿದ್ದಳು. ಕಾಯಿಲೆಯವರ ಮನೆಗಳಿಗೆ ಹೋಗುವ ಪೊಟ್ಟಣಗಳು.

"ಕೂತ್ಕೊಳ್ಳಿ ಡೀಕನ್. ನಿಂಬೆಹಣ್ಣಿನದು ಬೇಕಾ, ಬರೀ ಬೆಣ್ಣೆಯದಾ?"

ನಾನು ಫೋಟೋವನ್ನು ಅವಳ ಪೊಟ್ಟಣಗಳ ಪಕ್ಕಕ್ಕೆ ಇಟ್ಟೆ.

ಅವಳು ನೋಡಿದಳು. ಕೈ ಮಾತ್ರ ಕೆಲಸ ನಿಲ್ಲಿಸಲಿಲ್ಲ.

"ಫಾಯಿಲು ಎಲ್ಲರ ಮನೇಲೂ ಇರತ್ತೆ."

"ಇರತ್ತೆ ಸಿಸ್ಟರ್. ಬಚ್ಚಿಡೋರು ಬರೀ ಫಾಯಿಲು ಸುತ್ತಿ ಎಸೀತಾರೆ. ಒಳಗೆ ಮೇಣದ ಕಾಗದ ಹಾಕೋದು ಕೇಕು ಅಂಟಬಾರದು ಅಂತ. ವಜ್ರ ಅಂಟತ್ತಾ?"

ಅವಳ ಬೆರಳು ತಿರುವಿನ ಮಧ್ಯದಲ್ಲಿ ನಿಂತಿತು. ಹೊರಗೆ ಬಾಣಲೆ ಚುಯ್ಯೆನ್ನುತ್ತಿತ್ತು.

"ಕೈ," ಎಂದಳು ಕೊನೆಗೆ, ತನ್ನ ಕೈಯನ್ನೇ ಬೈಯುವವಳಂತೆ. "ಹಾಳು ಕೈ. ಸುತ್ತೋದು ಅಂದರೆ ಅದಕ್ಕೆ ಇದೊಂದೇ ಗೊತ್ತು."

"ಲೂಷಿಯಸ್ ಮುಂದೆ ಚಾಚಿದ್ದೂ ಇದೇ ಕೈಯಾ?"

"ಹೌದು. ಕದ್ದೆ ಅಂತ ಹೇಳಬೇಡಿ, ಡೀಕನ್. ಅವನು ಕೊಟ್ಟ, ನಾನು ತಗೊಂಡೆ. ಹಾಕ್ಕೊಂಡಿಲ್ಲ, ಮಾರಿಲ್ಲ. ಭಾನುವಾರ ಚರ್ಚಿಗೆ ಹೊರಡೋ ಮುಂಚೆ ಒಂದು ಸಲ ತೆಗೆದು ನೋಡಿ, ಮತ್ತೆ ಇಡ್ತಿದ್ದೆ."

"ವರ್ಲೀನ್‌ಗೆ ಹೇಳಬಹುದಿತ್ತಲ್ಲ?"

"ಹೇಳಿದ್ದರೆ ಕೊಡಬೇಕಾಗ್ತಿತ್ತು." ಅವಳು ನಕ್ಕಳು, ನೋಡಲು ಚೆಂದದ ನಗೆಯಲ್ಲ. "ಅವಳಿಗೆ ಎಲ್ಲಾನೂ ಕೊಟ್ಟು ಕೊಟ್ಟೇ ಬೆಳೆದೋಳು ನಾನು. ಒಂದೇ ಹಾಸಿಗೆ, ಒಂದೇ ಬಾಚಣಿಗೆ. ಆದರೆ ದೊಡ್ಡಮ್ಮ ಯಾವತ್ತೂ ಮೊದಲು ಬಾಚ್ತಿದ್ದಿದ್ದು ಅವಳ ತಲೆ. ನನ್ನ ಸರದಿ ಬರೋ ಹೊತ್ತಿಗೆ ಎಣ್ಣೆ ಮುಗಿದಿರ್ತಿತ್ತು. 'ಸ್ವಲ್ಪ ನೀರು ಹಚ್ಚಿಕೊಳ್ಳೆ' ಅನ್ನೋರು."

ಮತ್ಸರ ಮಾತಿಗೆ ಇಳಿದಾಗ ಅಡ್ಡ ಬಾಯಿ ಹಾಕಬಾರದು.

"ದೊಡ್ಡಮ್ಮ ಮಲಗಿದ ಮೇಲೆ ಹಾಸಿಗೆ ಬದಲಾಯಿಸಿದ್ದು ನಾನು. ಮೈ ಒರೆಸಿದ್ದು ನಾನು. ಅವಳು ಕೆಲಸದಿಂದ ಬಂದು ಬಾಗಿಲಲ್ಲಿ ನಿಂತು 'ಅಮ್ಮಾ' ಅಂದರೆ ಆ ಮುದುಕಿ ಮುಖದಲ್ಲಿ ದೀಪ ಹತ್ತೋದು! ಕೊನೇ ದಿನ ನನ್ನ ಕೈ ಹಿಡ್ಕೊಂಡೇ ಕೇಳಿದ್ದು ಏನು ಗೊತ್ತಾ? 'ವರ್ಲೀನ್ ಬಂದಳಾ?' ಅಂತ. ಹಿಡ್ಕೊಂಡಿದ್ದು ಯಾರ ಕೈ ಅಂತಲಾದರೂ ನೋಡಬಾರದಿತ್ತಾ?"

"ಆ ಸಿಟ್ಟಿಗೆ ಈಗ ಅವಳ ಮನೆ ಕಳೀತೀರಾ?"

"ಆ ಸಿಟ್ಟಿಗಲ್ಲ!" ಅವಳು ಮೇಜು ಕುಟ್ಟಿದಳು. ಫಾಯಿಲಿನ ಸುರುಳಿ ಉರುಳಿ ಕೆಳಗೆ ಬಿತ್ತು. "ಅದನ್ನೆಲ್ಲ ನುಂಗಿಕೊಂಡೇ ವಯಸ್ಸು ಅರವತ್ತಾಯ್ತು."

"ಮತ್ತೆ ದುಡ್ಡಿಗಾ? ನೀವು ಅವಳಿಗೆ ಕೊಟ್ಟ ಎಂಟು ಸಾವಿರ ಡಾಲರು ಏಳನೇ ಅಧ್ಯಾಯದಲ್ಲಿ ಹೋಯ್ತು ಅಂತಲಾ?"

"ಕೇಕು ಮಾರಿ ಕೂಡಿಟ್ಟ ದುಡ್ಡು ಅದು. ಚಾವಣಿ ಸೋರ್ತಿದೆ ಡೆಸ್ಸಾ, ಕಾಯಿಸಬೇಡ ಅಂತ ಬಂದಳು. ಹದಿಮೂರರಲ್ಲಿದ್ದೀಯಲ್ಲೇ, ನನ್ನ ದುಡ್ಡು ಏನಾಗತ್ತೆ ಅಂದೆ. ಹಳೇದೆಲ್ಲ ಬೇರೆ, ಇದು ಬೇರೆ ಅಂದಳು. ಆಗಲಿ ಅಂತ ಕೊಟ್ಟೆ. ಯಾವ ವಾರ ಗೊತ್ತಾ ಡೀಕನ್? ಸೋಮವಾರ."

"ಸರಿ."

"ಏನು ಸರಿ? ಅವಳು ಏಳಕ್ಕೆ ದಾಟೋ ಅರ್ಜಿ ಕೋರ್ಟಿಗೆ ಬಿದ್ದಿದ್ದು ಅದೇ ವಾರ ಗುರುವಾರ!"

ನನಗೆ ತಾರೀಕು ಗೊತ್ತಿತ್ತು. ಆದರೆ ಪಕ್ಕದಲ್ಲಿ ಸೋಮವಾರವನ್ನು ಇಟ್ಟು ನೋಡಿರಲಿಲ್ಲ.

"ಸಿಸ್ಟರ್, ಕಾಕತಾಳೀಯ ಇರಬಹುದು. ಕೆಲಸದ ಗಂಟೆ ಇಳಿಸಿದ್ದೇ ಆ ವಾರ..."

"ಕಾಕತಾಳೀಯ ಅಂತಲೇ ನಾನೂ ಅಂದುಕೊಂಡೆ. ಕೋರ್ಟಿನ ಕಾಗದ ಅಂಚೇಲಿ ಬಂದಾಗಲೂ ಬೈಲಿಲ್ಲ. ಅವಳು ಬಂದು ಒಂದು ಸಲ ಅತ್ತಿದ್ದರೆ 'ಹಾಳಾಗಿ ಹೋಗಲಿ ಬಿಡೇ' ಅಂತ ಒಂದು ಕೇಕು ಕೊಟ್ಟು ಕಳಿಸ್ತಿದ್ದೆ. ಆಮೇಲೆ ಡೆಲ್ಫೀನ್ ಬಾಯಿಬಿಟ್ಟಳು."

ಡೆಲ್ಫೀನ್ ಸೈಕ್ಸ್ ನಮ್ಮ ಗಾಯನ ಮಂಡಳಿಗೆ ಹೋದ ವರ್ಷ ಸೇರಿದವಳು. ಎತ್ತರದ ದನಿ, ಅದಕ್ಕಿಂತ ಎತ್ತರದ ಟೋಪಿ. ಸೇರಿದ ದಿನದಿಂದ ವರ್ಲೀನಳ ಪಕ್ಕ ಬಿಟ್ಟು ಕೂತದ್ದಿಲ್ಲ. ಗೆರೆ ದಾಟಿದ ಮೇಲೆ, ಶುಕ್ರವಾರ, ಕಾರು ರಿಪೇರಿಗೆಂದು ವರ್ಲೀನಳಿಗೆ ಒಂದು ಸಾವಿರ ಕೊಟ್ಟವಳು ಅವಳೇ. ಆ ಸಾಲಕ್ಕೆ ಧಕ್ಕೆಯಿಲ್ಲ. ಅದಕ್ಕೇ ನಾನು ಅವಳನ್ನು ಕೈಬಿಟ್ಟಿದ್ದೆ.

"ಏನಂದಳು ಡೆಲ್ಫೀನ್?"

ಒಡೆಸಾ ಕತ್ತು ಕೊಂಕಿಸಿ ಆ ಎತ್ತರದ ದನಿಯನ್ನೇ ತಂದಳು. "'ನನ್ನ ದುಡ್ಡಂದರೆ ವರ್ಲೀನ್‌ಗೆ ಎಷ್ಟು ಕಾಳಜಿ ಅಂತೀರಾ! ನಾನು ಸೋಮವಾರವೇ ಕೊಡೋಕೆ ಹೋಗಿದ್ದೆ ಕಣ್ರೀ. ಬೇಡ ಕಣೆ, ಕಾಗದಕ್ಕೆ ಸಹಿ ಹಾಕಿಟ್ಟು ಬಂದಿದ್ದೀನಿ, ಗುರುವಾರ ಅದು ಒಳಗೆ ಹೋಗಲಿ, ಶುಕ್ರವಾರ ಕೊಡು, ಆಗ ನಿನ್ನ ದುಡ್ಡಿಗೆ ಏನೂ ಆಗಲ್ಲ ಅಂದಳು.' ಎಲ್ಲರ ಮುಂದೆ ಹೇಳಿದಳು, ನಿಲುವಂಗಿ ತೊಡೋ ಕೋಣೇಲಿ. ನಾನು ಅಲ್ಲೇ ಗುಂಡಿ ಹಾಕ್ಕೊಳ್ತಾ ನಿಂತಿದ್ದೆ."

ಅವಳು ಬಿದ್ದ ಫಾಯಿಲಿನ ಸುರುಳಿ ಎತ್ತಿ ಮೇಜಿನ ಮೇಲೆ ಕುಕ್ಕಿದಳು.

"ಅದೇ ಸೋಮವಾರ, ಡೀಕನ್. ಅವಳಿಗೆ ಬೇಡ ಅಂದ ಬಾಯಿಂದಲೇ ನನಗೆ ಕೊಡು ಅಂದಳು. ನೆನ್ನೆ ಬಂದೋಳನ್ನ ಎತ್ತಿ ದಡದ ಮೇಲೆ ಕೂರಿಸಿದಳು. ಒಂದೇ ಹಾಸಿಗೇಲಿ ಮಲಗಿದ ನನ್ನ ಹೊಳೇಲಿ ಬಿಟ್ಟಳು. ಆ ಹೆಣ ಹೂಳೋ ಬಾನರ್‌ಗೂ ಶನಿವಾರ ಶನಿವಾರ ದುಡ್ಡಿದೆ. ಎಲ್ಲರಿಗೂ ಅವಳ ಹತ್ತಿರ ದಯೆ ಇದೆ. ನನಗೆ ಮಾತ್ರ ಎಣ್ಣೆ ಮುಗಿದಿದೆ!"

ನಾನು ಸುಳ್ಳೊಂದನ್ನು ಹಿಡಿಯಲು ಬಂದಿದ್ದೆ. ಹಿಡಿದೆ. ಆದರೆ ಅದರ ಬೆನ್ನಿಗೆ ಕಟ್ಟಿಕೊಂಡು ನಿಜವೂ ಬಂದಿತ್ತು.

ಉಂಗುರ ಇಟ್ಟದ್ದು ತಾನೆಂದು ಒಡೆಸಾ ನಾಳೆ ಹೇಳಿದರೆ ವರ್ಲೀನಳ ಪ್ರಮಾಣ ಉಳಿಯುತ್ತದೆ. ಯಾಕೆ ಇಟ್ಟಿರಿ ಎಂದು ಟ್ರಸ್ಟಿಯ ವಕೀಲ ಕೇಳದೆ ಬಿಡುವುದಿಲ್ಲ. ಕೇಳಿದೊಡನೆ ಸೋಮವಾರ, ಗುರುವಾರ, ಶುಕ್ರವಾರ ಮೂರೂ ನ್ಯಾಯಾಧೀಶರ ಮುಂದೆ ಸಾಲಾಗಿ ನಿಲ್ಲುತ್ತವೆ. ದಾಟುವ ಮುಂಚಿನ ಸಾಲವನ್ನು ಕಾನೂನು ಕೊಚ್ಚಿಬಿಡುತ್ತದೆ ನಿಜ. ಆದರೆ ಕೊಚ್ಚಿಹೋಗಲಿ ಎಂದೇ ಮೋಸದಿಂದ ತೆಗೆದ ಸಾಲವನ್ನಲ್ಲ. ದಾಟಿದ್ದೇ ಕೆಟ್ಟ ಬುದ್ಧಿಯಿಂದ ಎಂದು ಯಾರಾದರೂ ತೋರಿಸಿದರೆ ಕಥೆ ಉಂಗುರಕ್ಕಿಂತ ಹೊಲಸು.

"ಸಿಸ್ಟರ್ ಒಡೆಸಾ, ಡೆಲ್ಫೀನ್ ಬಡಾಯಿ ಕೊಚ್ಚೋಳು. ಅವಳ ಮಾತು ನಂಬಿ..."

"ಅವಳು ಬಡಾಯಿ ಕೊಚ್ಚಲಿಲ್ಲ."

ಮಾತು ಬಂದದ್ದು ಹಜಾರದ ಬಾಗಿಲಿನಿಂದ. ವರ್ಲೀನ್ ನಿಂತಿದ್ದಳು, ಕೆಲಸದ ನೀಲಿ ಅಂಗಿಯಲ್ಲೇ. ಎಷ್ಟು ಹೊತ್ತಿನಿಂದಲೋ. ಕಣ್ಣು ಒದ್ದೆಯಾಗಿರಲಿಲ್ಲ, ಅದೇ ನನ್ನನ್ನು ಹೆದರಿಸಿತು.

"ಸೋಮವಾರ ಸಹಿ ಹಾಕಿದ್ದೆ. ಗೊತ್ತಿದ್ದೇ ನಿನ್ನ ಹತ್ತಿರ ಇಸ್ಕೊಂಡೆ, ಡೆಸ್ಸಾ."

ಒಡೆಸಾ ತಿರುಗಲಿಲ್ಲ. "ಕೇಳಿದಿರಾ ಡೀಕನ್? ನೀವೇ ಸಾಕ್ಷಿ."

"ವರ್ಲೀನ್, ಇನ್ನೊಂದು ಮಾತು ಆಡಬೇಡ," ಎಂದೆ. "ಮಿಸ್ ಕ್ವಿಲನ್ ಇಲ್ಲದೆ..."

"ನನ್ನ ಮನೆ ಹೋಗೋದಾದರೆ ನಿಜ ಹೇಳಿಯೇ ಹೋಗಲಿ." ಅವಳು ಮೇಜಿನ ಹತ್ತಿರ ಬಂದಳು. "ಉಂಗುರ ಕೇಳಿದ್ದರೆ ನಾನೇ ನಿನ್ನ ಬೆರಳಿಗೆ ಹಾಕ್ತಿದ್ದೆನಲ್ಲೇ, ಕತ್ತೆ."

"ಕೇಳದೇ ಕೊಡೋದು ಗೊತ್ತಿಲ್ಲ ನಿನಗೆ. ಡೆಲ್ಫೀನ್‌ಗೆ ಬಿಟ್ಟು."

"ಡೆಲ್ಫೀನ್ ದುಡ್ಡು ಡೆಲ್ಫೀನ್‌ದು. ಹೊರಗಿನವಳು, ಅವಳದು ಮುಳುಗಬಾರದು ಅಂತ ಕಾಯಿಸಿದೆ. ನಿನ್ನದು ಹಾಗಲ್ಲ. ನನ್ನ ಚಾವಣಿ ನೋಡಿದ್ದೀಯಾ? ಒಂದು ಹಂಚಾದರೂ ಹೊಸದಿದೆಯಾ?"

ಒಡೆಸಾ ಈಗ ತಿರುಗಿದಳು. ನನಗೂ ಆಗಲೇ ಹೊಳೆದದ್ದು: ಆ ಮನೆಗೆ ಎಷ್ಟು ಸಲ ಹೋಗಿದ್ದೇನೆ! ಹಜಾರದ ಮೂಲೆಯಲ್ಲಿ ಈಗಲೂ ಬಕೆಟ್ಟು ಇತ್ತು. ಸೋರುವ ಚಾವಣಿಯ ಕೆಳಗೆ ಕೂತೇ ನಾನು ಆ ಚಾವಣಿಯ ಸಾಲದ ಕಥೆ ಬರೆದುಕೊಂಡಿದ್ದೆ. ಜಾರಿದ ಸಾಲು ನನ್ನ ತಲೆಯ ಮೇಲೇ ತೊಟ್ಟಿಕ್ಕುತ್ತಿತ್ತು. ಕೇಳಿಸಿರಲಿಲ್ಲ.

"ದುಡ್ಡು ಎಲ್ಲಿ ಹೋಯ್ತು?" ಒಡೆಸಾಳ ದನಿ ತಗ್ಗಿತು.

"ನಿನ್ನ ಮನೆಗೆ. ಅದು ನಿನ್ನ ಮನೆಯ ದುಡ್ಡು, ನಿನ್ನ ಮನೆಗೇ ಹೋಯ್ತು. ಒಂದು ದಿನವೂ ನನ್ನ ಹತ್ತಿರ ಇರಲಿಲ್ಲ. ಅದಕ್ಕೇ ಅದನ್ನ ಗೆರೆಯ ಈಚೆಗೆ ಬಿಟ್ಟೆ. ನಾನು ತಿನ್ನದ ಸಾಲವನ್ನ ನಾನ್ಯಾಕೆ ಜೀವಮಾನವೆಲ್ಲ ಹೊರಲಿ ಅಂತ."

"ನಮ್ಮನೇಲಿ ಯಾರಿಗೆ ಕೊಟ್ಟೆ?"

ವರ್ಲೀನ್ ಹಿಂದಿನ ಬಾಗಿಲಾಚೆ, ಬಾಣಲೆಯ ಕಡೆ ನೋಡಿದಳು. ಒಡೆಸಾಳ ಮನೆಯಲ್ಲಿ ಇರುವವರು ಇಬ್ಬರೇ.

ಹಿಂದಿನ ಜಾಲರಿ ಬಾಗಿಲು ಮೊಣಕೈಯಿಂದ ತಳ್ಳಿಸಿಕೊಂಡು ತೆರೆಯಿತು. ಮೀನಿನ ದೊಡ್ಡ ತಟ್ಟೆ ಹಿಡಿದು ಕ್ಲೆಮೆಂಟ್ ಒಳಬಂದ. ಬಾಯಲ್ಲಿ ಏನೋ ತಮಾಷೆ ಸಿದ್ಧವಿತ್ತು. ಹೆಂಡತಿಯ ಮುಖ ನೋಡಿದ. ನನ್ನ ಮುಖ ನೋಡಿದ. ಆಮೇಲೆ ವರ್ಲೀನಳನ್ನು ನೋಡಿ, ನಾವಿಬ್ಬರೂ ಅಲ್ಲಿರುವುದನ್ನೇ ಮರೆತವನಂತೆ, ಮೆಲ್ಲಗೆ ಕೇಳಿದ:

"ಹೇಳಿಬಿಟ್ಯಾ, ವೀನಿ?"

ವರ್ಲೀನ್ ಕಣ್ಣು ಮುಚ್ಚಿಕೊಂಡಳು.

ನಲವತ್ತು ವರ್ಷದಿಂದ ನಾನು ಈ ಚರ್ಚಿನಲ್ಲಿದ್ದೇನೆ. ಅವಳನ್ನು ತಾಯಿ ವರ್ಲೀನ್ ಎಂದಳು, ಪಾದ್ರಿಗಳು ಸಿಸ್ಟರ್ ಗೇಟ್‌ವುಡ್ ಎಂದರು, ಕೇರಿಯವರು ಮಿಸ್ ವರ್ಲೀನ್ ಎಂದರು. ಈ ಹೆಸರನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ.

"ವೀನಿ," ಎಂದಳು ಒಡೆಸಾ. ಉಪ್ಪು ಸರಿಯಾಗಿದೆಯೇ ಎಂದು ನಾಲಿಗೆಯ ಮೇಲಿಟ್ಟು ನೋಡುವವಳ ಹಾಗೆ ಇನ್ನೊಮ್ಮೆ, "ವೀನಿ."

ಗಂಡನ ಕೈಯಿಂದ ತಟ್ಟೆ ತೆಗೆದುಕೊಂಡು ಮೇಜಿನ ಮೇಲಿಟ್ಟಳು. ಏಪ್ರನ್ನಿನ ಗಂಟು ಬಿಚ್ಚಿ, ಅದನ್ನು ನಾಲ್ಕಾಗಿ ಮಡಿಸಿದಳು. ಇಬ್ಬರ ಕಡೆಗೂ ನೋಡದೆ ನನ್ನನ್ನು ಕೇಳಿದಳು:

"ನಾಳೆ ಕೋರ್ಟು ಎಷ್ಟು ಹೊತ್ತಿಗೆ, ಡೀಕನ್?"